ಮಾಟದ ಅಪವಾದ ಬಂದ ಅಜ್ಜಿಯಿಂದ ದೇವರ ಮುಂದೆ ಆಣೆ ಮಾಡಿಸಬೇಕಂತೆ. ಸರಿನಾ ಇದು?

ಹುಳುಮನೆ_ಹೈದ
ಎಲ್ಲರಿಗೂ ನಮಸ್ಕಾರ. ಚಿಂತಾಮಣಿ ಕಡೆ ನಮ್ಮ ಹಳ್ಳಿ, ಹೆಸರು ಬೇಡ. ರಾಮಮಂದಿರದಲ್ಲಿ ಪ್ರತಿ ಶನಿವಾರ ಭಜನೆ ಇರುತ್ತದೆ. ಮಂಡಳಿ ಅಂದರೆ ಮೂವತ್ತು ಮನೆ, ಎಲ್ಲರೂ ಒಂದಲ್ಲ ಒಂದು ಕಡೆಯಿಂದ ನೆಂಟರೇ. ಪ್ರಸಾದ ಮಾಡುವುದು ಒಬ್ಬ ಅಜ್ಜಿ. ಗಂಡ ತೀರಿಹೋಗಿದ್ದಾರೆ, ಮಕ್ಕಳಿಲ್ಲ. ನಾನು ಚಿಕ್ಕವನಿದ್ದಾಗಿನಿಂದ ಅವರ ಕೈಯ ಕಡ್ಲೆಕಾಳು ಉಸಲಿ ತಿಂದೇ ಬೆಳೆದವನು.

ಹೋದ ತಿಂಗಳು ಮಂಡಳಿಯ ಇಬ್ಬರ ರೇಷ್ಮೆ ಬೆಳೆ ಹೋಯಿತು. ಹುಳು ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದು, ಇನ್ನೇನು ಹಣ್ಣಾಗಿ ಗೂಡು ಕಟ್ಟಬೇಕು ಅನ್ನುವಾಗ ರಾತ್ರಿ ಬೆಳಗಾಗುವುದರಲ್ಲಿ ಅರ್ಧಕ್ಕರ್ಧ ಸತ್ತವು. ಅದಕ್ಕೆ ಮುಂಚೆ ಅಜ್ಜಿ ಆ ಎರಡೂ ಮನೆಗೆ ಪ್ರಸಾದ ಕೊಟ್ಟು ಬಂದಿದ್ದರು (ಎಲ್ಲರ ಮನೆಗೂ ಕೊಡುತ್ತಾರೆ, ಅದನ್ನು ಯಾರೂ ಹೇಳುತ್ತಿಲ್ಲ). ಆಮೇಲೆ ಹಿಪ್ಪುನೇರಳೆ ಸೊಪ್ಪಿನ ತೋಟದ ಬದುವಿನ ಮೇಲೆ ಕುಂಕುಮ ಮೆತ್ತಿದ ನಿಂಬೆಹಣ್ಣು ಸಿಕ್ಕಿತು. ಫೋಟೋ ಮಂಡಳಿಯ ವಾಟ್ಸಾಪ್ ಗ್ರೂಪಿಗೆ ಬಂತು. ಮೊದಲು "ಯಾರ ಕೆಲಸವೋ" ಅಂದರು. ಮಾರನೇ ದಿನ "ಯಾರು ಅಂತ ಬಾಯಿಬಿಟ್ಟು ಹೇಳಬೇಕಾ" ಅಂದರು. ಒಬ್ಬರು ಕಣಿ ಕೇಳಿಕೊಂಡು ಬಂದು "ದೇವರ ಕೆಲಸ ಮಾಡುವ ಕೈಯೇ ಅಂತೆ" ಎಂದು ವಾಯ್ಸ್ ಮೆಸೇಜ್ ಹಾಕಿದರು. ಈಗ ಒಬ್ಬ ಹೆಂಗಸು, ರಾತ್ರಿ ಅಜ್ಜಿ ಬಂದು ಎದೆ ಮೇಲೆ ಕೂತಂತಾಯಿತು, ಕೂಗೋಕೂ ಆಗಲಿಲ್ಲ ಅನ್ನುತ್ತಿದ್ದಾರೆ. ಇನ್ನೊಬ್ಬರ ಸೊಸೆಗೆ ಬಸಿರು ನಿಲ್ಲದಿದ್ದಕ್ಕೂ ಇದೇ ಕಾರಣವಂತೆ. ಆ ಸೊಸೆಗೆ ಹೀಗಾಗಿ ಎರಡು ವರ್ಷ ಆಯಿತು!

ಕಳೆದ ಶನಿವಾರ ಪ್ರಸಾದ ಯಾರೂ ಮುಟ್ಟಲಿಲ್ಲ. ಕೊನೆಗೆ ಅಜ್ಜಿಯೇ ಪಾತ್ರೆ ಎತ್ತಿಕೊಂಡು ಹೋಗಿ ಹಸುವಿನ ಗೋದಲಿಗೆ ಸುರಿದರು.

ಹಿರಿಯರ ತೀರ್ಮಾನ ಏನಪ್ಪಾ ಅಂದರೆ, ಬರುವ ಅಮಾವಾಸ್ಯೆ ದಿನ ಅಜ್ಜಿ ಕರ್ಪೂರ ಆರಿಸಿ ಆಣೆ ಮಾಡಲಿ, ಅಲ್ಲಿಗೆ ಮುಗಿಯಿತು. ನಮ್ಮಮ್ಮನೂ ಅದೇ ಸರಿ ಅನ್ನುತ್ತಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ನೀವೆಲ್ಲ ಏನಂತೀರಿ?

ಮುಳಬಾಗಿಲು_ದೋಸೆ
ನಿಂಬೆಹಣ್ಣು ಇಟ್ಟವರು ಯಾರು ಅಂತ ಗೊತ್ತಾಗಬೇಕಾದರೆ ಮೊದಲು ಆ ಊರಲ್ಲಿ ಯಾರ ಮನೆಯಲ್ಲಿ ನಿಂಬೆಹಣ್ಣು ಇಲ್ಲ ಅಂತ ನೋಡಿ. ಹುಳು ಮನೆ ಬಾಗಿಲಿಗೆ ದೃಷ್ಟಿಗೆ ಅಂತ ಎಲ್ಲರೂ ಕಟ್ಟಿರುತ್ತಾರಲ್ಲ!

ಶಿಡ್ಲಘಟ್ಟ_ಗೂಡು
ಆಣೆ ಗೀಣೆ ಆಮೇಲೆ. ಹುಳು ಹೇಗೆ ಸತ್ತವು ಹೇಳಿ. ಮೈ ಊದಿ, ಹಳದಿಯಾಗಿ, ಚರ್ಮ ಒಡೆದು ಹಾಲಿನಂಥ ನೀರು ಬಂತಾ? ಹಾಗಿದ್ದರೆ ಹಾಲುತೊಂಡೆ ರೋಗ. ಸತ್ತ ಹುಳು ಗಟ್ಟಿಯಾಗಿ ಸುಣ್ಣದ ಕಡ್ಡಿ ಥರ ಬೆಳ್ಳಗಾಯಿತಾ? ಹಾಗಿದ್ದರೆ ಸುಣ್ಣಕಟ್ಟು ರೋಗ. ಹುಳು ತಲೆ ಒದರಿ, ಹಸಿರು ನೀರು ಕಕ್ಕಿ, ಮೈ ಮುದುಡಿಕೊಂಡು ಒಟ್ಟಿಗೆ ಸತ್ತವಾ? ಹಾಗಿದ್ದರೆ ಅದು ರೋಗವೇ ಅಲ್ಲ, ಸೊಪ್ಪಿಗೆ ಔಷಧಿ ಬಿದ್ದಿದೆ. ಅಕ್ಕಪಕ್ಕ ಟೊಮೆಟೊ ಇದೆಯಾ?

ಹುಳುಮನೆ_ಹೈದ
ಅಣ್ಣಾ, ನೀವು ಕೊನೆಯಲ್ಲಿ ಹೇಳಿದ್ದೇ. ಕಕ್ಕಿದ್ದು ನಾನೇ ನೋಡಿದೆ, ಕೆಳಗೆ ಹಾಸಿದ್ದ ಪೇಪರೆಲ್ಲ ಒದ್ದೆಯಾಗಿತ್ತು. ಇಬ್ಬರ ಸೊಪ್ಪಿನ ತೋಟವೂ ಒಂದೇ ಬದು. ಆ ಕಡೆ ಟೊಮೆಟೊ ಇದೆ.

ಶಿಡ್ಲಘಟ್ಟ_ಗೂಡು
ಮುಗಿಯಿತಲ್ಲ! ಒಂದೇ ಬದು, ಎರಡು ಮನೆ, ಒಂದೇ ರಾತ್ರಿ. ಟೊಮೆಟೊಗೆ ಊಜಿಗೆ, ನುಸಿಗೆ ಅಂತ ವಾರಕ್ಕೊಂದು ಸಲ ಹೊಡೆಯುತ್ತಾರೆ. ಗಾಳಿ ಈ ಕಡೆ ತಿರುಗಿದರೆ ಸಾಕು. ನಮ್ಮ ಕಡೆ ಇದಕ್ಕಾಗಿ ಅಣ್ಣತಮ್ಮಂದಿರೇ ಮಾತು ಬಿಟ್ಟಿದ್ದಾರೆ. ಸತ್ತ ಹುಳು ಎಸೆದಿಲ್ಲ ತಾನೇ? ಸ್ವಲ್ಪ ಸೊಪ್ಪು, ಹುಳು ಎರಡನ್ನೂ ಕಟ್ಟಿಕೊಂಡು ರೇಷ್ಮೆ ಇಲಾಖೆಯ ತಾಂತ್ರಿಕ ಸೇವಾ ಕೇಂದ್ರಕ್ಕೆ ತೋರಿಸಿ.

ಕೋಲಾರಮ್ಮನ_ಮಗ
ಟೊಮೆಟೊಗೆ ಊಜಿನಾ? ಊಜಿ ನೊಣ ಬರುವುದು ರೇಷ್ಮೆ ಹುಳುವಿಗಲ್ಲವಾ ಗುರು.

ಶಿಡ್ಲಘಟ್ಟ_ಗೂಡು
ಹೌದು, ಅವಸರದಲ್ಲಿ ಹೊಡೆದೆ. ಟೊಮೆಟೊಗೆ ಊಜಿ ಅಂತ ಓದಬೇಡಿ, ಹುಳ ಅಂತ ಓದಿಕೊಳ್ಳಿ. ವಿಷಯ ಅದಲ್ಲ.

ಭಕ್ತಿಮಾರ್ಗ
ಎಲ್ಲದಕ್ಕೂ ವಿಜ್ಞಾನ ಹೇಳಿ ಮುಗಿಸಬೇಡಿ. ಔಷಧಿ ಹೊಡೆದದ್ದೇ ಇರಲಿ. ಇಷ್ಟು ವರ್ಷ ಟೊಮೆಟೊಗೆ ಹೊಡೆಯುತ್ತಲೇ ಇದ್ದರು, ಅವತ್ತೇ ಯಾಕೆ ಗಾಳಿ ಈ ಕಡೆ ಬೀಸಬೇಕು? ಈ ಇಬ್ಬರ ತೋಟಕ್ಕೇ ಯಾಕೆ ಬೀಳಬೇಕು? ಮಾಟ ಇಲ್ಲವೇ ಇಲ್ಲ ಅಂತ ನಾನು ಒಪ್ಪುವುದಿಲ್ಲ. ಹಾಗಂತ ಆ ಅಜ್ಜಿಯೇ ಮಾಡಿದ್ದಾರೆ ಅಂತಲೂ ಹೇಳುತ್ತಿಲ್ಲ. ಅದಕ್ಕೇ ಆಣೆ ಒಳ್ಳೆಯದು. ಪೊಲೀಸು, ಕೋರ್ಟು ಅಂತ ಹೋದರೆ ಊರು ಎರಡಾಗುತ್ತದೆ. ದೇವರ ಮುಂದೆ ಆಣೆ ಆದರೆ ಎಲ್ಲರ ಬಾಯಿ ಮುಚ್ಚುತ್ತದೆ. ನಮ್ಮ ಹಿರಿಯರು ದಡ್ಡರಲ್ಲ.

ಗುಬ್ಬಿ_ಗುಬ್ಬಚ್ಚಿ
ಬಾಯಿ ಮುಚ್ಚುತ್ತದಾ? ನಮ್ಮ ಮನೆಯದೇ ಕೇಳಿ.

ನಮ್ಮ ಚಿಕ್ಕಮ್ಮನಿಗೆ ಊಟ ಮಾಡಿದ ಮೇಲೆ ಹೊಟ್ಟೆನೋವು, ವಾಂತಿ. ಯಾರೋ ಮದ್ದು ಹಾಕಿದ್ದಾರೆ ಅಂದರು. ಮದ್ದು ತೆಗೆಯುವವನ ಹತ್ತಿರ ಕರೆದುಕೊಂಡು ಹೋದರು. ಅವನು ಹೊಟ್ಟೆ ಮೇಲೆ ಕೊಳವೆ ಇಟ್ಟು ಬಾಯಿಂದ ಎಳೆದು ತಟ್ಟೆಗೆ ಉಗಿದ. ಕಪ್ಪಗೆ ಏನೋ ಅಂಟು, ಅದರಲ್ಲಿ ಕೂದಲು. "ಒಳಗಿನವರೇ, ಊಟ ಬಡಿಸುವ ಕೈ" ಅಂದ. ಕೂಡು ಕುಟುಂಬದಲ್ಲಿ ಊಟ ಬಡಿಸುವವರು ಯಾರು? ಓರಗಿತ್ತಿ ತಾನೇ. ಆಕೆ ಅಳುತ್ತಾ ದೇವಸ್ಥಾನದಲ್ಲಿ ಆಣೆ ಮಾಡಿದರು. ಹದಿನೈದು ದಿನ ಎಲ್ಲ ಸರಿಯಿತ್ತು. ಮತ್ತೆ ನೋವು ಬಂತು. "ನೋಡಿದ್ರಾ, ಸುಳ್ಳಾಣೆ ಮಾಡಿದ್ದಾಳೆ, ಅದಕ್ಕೇ ಜಾಸ್ತಿ ಆಗಿದೆ" ಅಂದರು. ಆಣೆ ಮಾಡದಿದ್ದರೆ ಮದ್ದು ಹಾಕಿದವಳು ಅಷ್ಟೇ ಆಗಿರುತ್ತಿದ್ದರು. ಆಣೆ ಮಾಡಿದ್ದಕ್ಕೆ ದೇವರಿಗೂ ಹೆದರದವಳು ಅಂತಾಯಿತು. ಆಮೇಲೆ ಸ್ಕ್ಯಾನಿಂಗ್ ಮಾಡಿಸಿದಾಗ ಪಿತ್ತಕೋಶದಲ್ಲಿ ಕಲ್ಲು. ಆಪರೇಷನ್ ಆಯಿತು, ಚಿಕ್ಕಮ್ಮ ಚೆನ್ನಾಗಿದ್ದಾರೆ. ಓರಗಿತ್ತಿಯನ್ನು ಇವತ್ತಿಗೂ ಶುಭಕಾರ್ಯಕ್ಕೆ ಕರೆದರೂ ಅಡುಗೆಮನೆಗೆ ಬಿಡುವುದಿಲ್ಲ.

ಅದಕ್ಕೇ ಹೇಳುತ್ತೇನೆ, ಆಣೆ ಬೇಡವೇ ಬೇಡ.

ಭಕ್ತಿಮಾರ್ಗ
ಅದು ನಿಮ್ಮ ಮನೆಯವರ ತಪ್ಪು, ಆಣೆಯ ತಪ್ಪಲ್ಲ.

ಗುಬ್ಬಿ_ಗುಬ್ಬಚ್ಚಿ
ಆಣೆ ಇಡಿಸುವುದು ಮನೆಯವರೇ ಅಲ್ವಾ ಸರ್. ದೇವರು ಬಂದು ಕೇಳಿರಲಿಲ್ಲ.

ತೆಂಗಿನತೋಟ_ಮೇಷ್ಟ್ರು
ಈ ಊರಿನ ಕಥೆ ಓದುತ್ತಾ ಇದ್ದರೆ 1692ರ ಸೇಲಂ ನೆನಪಾಯಿತು.

ಮುಳಬಾಗಿಲು_ದೋಸೆ
ಸೇಲಂ ಮಾವಿನಹಣ್ಣು ಗೊತ್ತು, ಸೇಲಂ ಮಾಟ ಗೊತ್ತಿಲ್ಲ. ತಮಿಳುನಾಡಲ್ಲಿ ಏನಾಯಿತು ಮೇಷ್ಟ್ರೇ?

ತೆಂಗಿನತೋಟ_ಮೇಷ್ಟ್ರು
ಆ ಸೇಲಂ ಅಲ್ಲಪ್ಪಾ, ಅಮೆರಿಕದ ಮ್ಯಾಸಚೂಸೆಟ್ಸ್‌ನದು. ಆಗ ಅದು ಇಂಗ್ಲಿಷರ ವಸಾಹತು. ಸೇಲಂ ವಿಲೇಜ್ ಅಂತ ಒಂದು ಹಳ್ಳಿ, ಪ್ಯೂರಿಟನ್ ಅನ್ನುವ ಕಟ್ಟಾ ಕ್ರೈಸ್ತರದು. ಒಂದೇ ಚರ್ಚು, ಎಲ್ಲರಿಗೂ ಎಲ್ಲರೂ ಗೊತ್ತು. ಅಲ್ಲಿನ ಪಾದ್ರಿ ಸ್ಯಾಮ್ಯುಯೆಲ್ ಪ್ಯಾರಿಸ್. ಅವನಿಗೂ ಊರಿನವರಿಗೂ ಸಂಬಳದ ಜಗಳ, ಸೌದೆಯ ಜಗಳ ಮೊದಲಿಂದ ಇತ್ತು. ಅವನ ಮಗಳಿಗೂ ಅಣ್ಣನ ಮಗಳೋ ತಂಗಿಯ ಮಗಳೋ ಆಗಬೇಕಾದ ಇನ್ನೊಬ್ಬ ಹುಡುಗಿಗೂ ಮೈ ಸೆಟೆಯುವುದು, ಕಿರುಚುವುದು ಶುರುವಾಯಿತು. ವೈದ್ಯ ನೋಡಿ ಇದು ಮಾಟ ಅಂದ. ಮೊದಲು ಸಿಕ್ಕಿಬಿದ್ದವರು ಯಾರು ಅಂದುಕೊಂಡಿರಿ? ಪಾದ್ರಿಯ ಮನೆಯ ಗುಲಾಮ ಹೆಂಗಸು ಟಿಟುಬಾ, ಮನೆಮನೆ ಬೇಡುತ್ತಿದ್ದ ಸಾರಾ ಗುಡ್, ಚರ್ಚಿಗೆ ಸರಿಯಾಗಿ ಬಾರದ ಸಾರಾ ಆಸ್ಬರ್ನ್. ಕೇಳುವವರಿಲ್ಲದ ಮೂವರು. ಸಾರಾ ಗುಡ್‌ಳ ನಾಲ್ಕೈದು ವರ್ಷದ ಮಗಳನ್ನೂ ಜೈಲಿಗೆ ಹಾಕಿದರು.

ಆಮೇಲೆ ಅದು ಒಳ್ಳೆಯ ಹೆಸರಿನವರ ಮನೆಗೂ ಬಂತು. ರೆಬೆಕ್ಕಾ ನರ್ಸ್ ಅಂತ ಎಪ್ಪತ್ತೊಂದು ವರ್ಷದ ಮುದುಕಿ, ಭಾರಿ ದೈವಭಕ್ತೆ. ಆಕೆ ಒಳ್ಳೆಯವಳು ಅಂತ 39 ಜನ ನೆರೆಹೊರೆಯವರು ಸಹಿ ಹಾಕಿಕೊಟ್ಟರು. ಪಂಚರು (ಕೋರ್ಟಿನ ಜ್ಯೂರಿ) ಮೊದಲು ನಿರ್ದೋಷಿ ಅಂದರು. ಹುಡುಗಿಯರು ಕೋರ್ಟಿನಲ್ಲೇ ಕಿರುಚಾಡಿದರು. ಪಂಚರು ಮತ್ತೆ ಕೂತು ದೋಷಿ ಅಂದರು. ಜುಲೈ 19ಕ್ಕೆ ನೇಣು.

ಎದೆ ಮೇಲೆ ಅಜ್ಜಿ ಕೂತಂತಾಯಿತು ಅಂದರಲ್ಲ, ಅಲ್ಲಿನ ಕೋರ್ಟು ಅಂಥದ್ದನ್ನೇ ಸಾಕ್ಷಿ ಅಂತ ತೆಗೆದುಕೊಂಡಿತ್ತು. ಅವಳ ರೂಪ ಬಂದು ನನ್ನನ್ನು ಹಿಂಡಿತು ಅಂದರೆ ಸಾಕು. ಆ ಹೊತ್ತಲ್ಲಿ ಅವಳು ತನ್ನ ಮನೆಯಲ್ಲಿ ಮಲಗಿದ್ದರೂ ಪ್ರಯೋಜನವಿಲ್ಲ, ಬಂದದ್ದು ರೂಪವಲ್ಲವೇ.

ಕೋಲಾರಮ್ಮನ_ಮಗ
ಹೌದು ಓದಿದ್ದೇನೆ, ಎಲ್ಲರನ್ನೂ ಜೀವಂತ ಸುಟ್ಟರಂತೆ.

ತೆಂಗಿನತೋಟ_ಮೇಷ್ಟ್ರು
ಇಲ್ಲ, ಸೇಲಂನಲ್ಲಿ ಯಾರನ್ನೂ ಸುಡಲಿಲ್ಲ. ಸುಟ್ಟದ್ದು ಯೂರೋಪಿನ ಕೆಲವು ಕಡೆ. ಇಲ್ಲಿ 19 ಜನಕ್ಕೆ ನೇಣು. ಗೈಲ್ಸ್ ಕೋರಿ ಅನ್ನುವ ಮುದಿ ರೈತ ಹೌದು ಅಂತಲೂ ಹೇಳಲಿಲ್ಲ, ಇಲ್ಲ ಅಂತಲೂ ಹೇಳಲಿಲ್ಲ. ಅವನ ಮೇಲೆ ಕಲ್ಲು ಹೇರಿ ಹೇರಿ ಕೊಂದರು. ಜೈಲಲ್ಲಿ ಸತ್ತವರು ಬೇರೆ.

ಭಕ್ತಿಮಾರ್ಗ ಅವರೇ, ಈಗ ಹೇಳುವುದನ್ನು ನೀವು ಓದಬೇಕು. ಮಾಟ ಮಾಡುವವರ ಬಾಯಲ್ಲಿ ದೇವರ ಪ್ರಾರ್ಥನೆ ತಪ್ಪಿಲ್ಲದೆ ಬರುವುದಿಲ್ಲ ಅಂತ ಅಲ್ಲಿಯ ನಂಬಿಕೆ. ಅದೇ ಪರೀಕ್ಷೆ. ಅದೇ ಹಳ್ಳಿಯಲ್ಲಿ ಹಿಂದೆ ಪಾದ್ರಿಯಾಗಿದ್ದ ಜಾರ್ಜ್ ಬರೋಸ್ ಆಗಸ್ಟ್ 19ರಂದು ನೇಣಿನ ಕೆಳಗೆ ನಿಂತು ಒಂದಕ್ಷರ ತಪ್ಪದೆ ಪ್ರಾರ್ಥನೆ ಹೇಳಿದ. ಸೇರಿದ ಜನ ಅತ್ತರು, ಬಿಟ್ಟುಬಿಡಿ ಅನ್ನುವ ಹಾಗಾಯಿತು. ಆಗ ಕಾಟನ್ ಮ್ಯಾದರ್ ಅನ್ನುವ ಇನ್ನೊಬ್ಬ ಪಾದ್ರಿ ಕುದುರೆ ಮೇಲಿಂದಲೇ ಜನರನ್ನು ಸಮಾಧಾನ ಮಾಡಿದ, ಸೈತಾನನೂ ದೇವದೂತನ ವೇಷ ಹಾಕುತ್ತಾನೆ ಅಂದ. ಗಲ್ಲು ಮುಂದುವರಿಯಿತು. ಪರೀಕ್ಷೆ ಇಟ್ಟವರೇ, ಪಾಸಾದ ಮೇಲೆ, ಆ ಪರೀಕ್ಷೆಗೆ ಬೆಲೆಯಿಲ್ಲ ಅಂದರು.

ಭಕ್ತಿಮಾರ್ಗ
ಇದು ಯೋಚನೆ ಮಾಡುವಂಥ ಮಾತು. ಆದರೂ ನಮ್ಮ ಹಳ್ಳಿ ಸೇಲಂ ಅಲ್ಲ, ಇಲ್ಲಿ ಯಾರೂ ಯಾರನ್ನೂ ನೇಣಿಗೆ ಹಾಕುವುದಿಲ್ಲ.

ಗುಬ್ಬಿ_ಗುಬ್ಬಚ್ಚಿ
ನೇಣಿಗೆ ಹಾಕಲ್ಲ ಸರಿ. ಜಾರ್ಖಂಡ್ ಕಡೆ ಇಂಥ ಅಪವಾದ ಹೊರಿಸಿಯೇ ಹೆಂಗಸರನ್ನು ಹೊಡೆದು ಸಾಯಿಸುತ್ತಾರೆ. ಹಾಗೆ ಡಾಯನ್ (ಮಾಟಗಾತಿ) ಅನ್ನಿಸಿಕೊಂಡು ಬದುಕುಳಿದ ಛುಟ್ನಿ ಮಹತೋ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು. ತನ್ನಂಥ ಹೆಂಗಸರನ್ನು ಕಾಪಾಡಿದ್ದಕ್ಕೆ. ಅಲ್ಲಿಯೂ ಶುರುವಾಗುವುದು ಹುಷಾರಿಲ್ಲದ ಮಗು, ಸತ್ತ ದನ, ಇಂಥದರಿಂದಲೇ.

ಬಯಲುಸೀಮೆ_ಬಸ್ಸು
ಸೇಲಂನಲ್ಲಿ ಜನ ತಿಂದ ರೊಟ್ಟಿಯಲ್ಲಿ ಬೂಷ್ಟು ಇತ್ತು, ಅದಕ್ಕೇ ಹುಡುಗಿಯರಿಗೆ ಭ್ರಮೆ ಹಿಡಿಯಿತು ಅಂತ ಯಾವುದೋ ವಿಡಿಯೋದಲ್ಲಿ ನೋಡಿದ್ದೆ.

ತೆಂಗಿನತೋಟ_ಮೇಷ್ಟ್ರು
ರೈ ಧಾನ್ಯಕ್ಕೆ ಹಿಡಿಯುವ ಎರ್ಗಾಟ್ ಶಿಲೀಂಧ್ರದ ಮಾತು ಅದು, 1976ರಲ್ಲಿ ಬಂದ ವಾದ. ಅದೇ ವರ್ಷ ಅದಕ್ಕೆ ಉತ್ತರವೂ ಬಂತು. ಬೂಷ್ಟು ತಿಂದರೆ ಮೈ ಸೆಟೆಯಬಹುದು. ಜಮೀನಿನ ತಕರಾರು ಇದ್ದ ಮನೆಯವರ ಹೆಸರೇ ಹುಡುಕಿ ಹುಡುಕಿ ಬಾಯಲ್ಲಿ ಬರುತ್ತದಾ?

ಕ್ಯಾತಸಂದ್ರ_ಟೀ
ಜಮೀನು ಅಂದಿರಲ್ಲ. ಹುಳುಮನೆ ತಮ್ಮಾ, ಆ ಅಜ್ಜಿಗೆ ಆಸ್ತಿ ಏನಾದರೂ ಇದೆಯಾ?

ಹುಳುಮನೆ_ಹೈದ
ಮಂದಿರದ ಪಕ್ಕದಲ್ಲೇ ಹಳೇ ಹೆಂಚಿನ ಮನೆ. ಹಿಂದೆ ಎರಡು ಗುಂಟೆ ಜಾಗ. ಸಭಾಭವನ ಕಟ್ಟೋಕೆ ಮಂಡಳಿಯವರು ಕೇಳಿದ್ದರು, ಅಜ್ಜಿ ನಾನು ಸತ್ತ ಮೇಲೆ ತಗೊಳ್ಳಿ ಅಂದಿದ್ದರು.

ಕ್ಯಾತಸಂದ್ರ_ಟೀ
😀😀 ಕೇಸ್ ಕ್ಲೋಸ್. ಅಧ್ಯಕ್ಷರದೇ ಕಿತಾಪತಿ. ನಿಂಬೆಹಣ್ಣು ಇಟ್ಟದ್ದೂ ಅವರೇ.

ಮುಳಬಾಗಿಲು_ದೋಸೆ
ನೂರಕ್ಕೆ ನೂರು.

ಗೌರಿಬಿದನೂರು_ಲೋಕಲ್
ತಡೆಯಿರಿ ತಡೆಯಿರಿ. ಅಧ್ಯಕ್ಷರನ್ನು ನೀವ್ಯಾರೂ ನೋಡಿಲ್ಲ. ಅವರು ನಿಂಬೆಹಣ್ಣು ಇಟ್ಟದ್ದನ್ನೂ ನೋಡಿಲ್ಲ. ಎರಡು ಗುಂಟೆ ಜಾಗ ಅಂದ ಕೂಡಲೇ ಅಪರಾಧಿ ಸಿಕ್ಕಿಬಿಟ್ಟರಾ? ಆ ಊರಿನವರು ಅಜ್ಜಿಗೆ ಮಾಡಿದ್ದನ್ನೇ ನಾವು ಇಲ್ಲಿ ಅಧ್ಯಕ್ಷರಿಗೆ ಮಾಡುತ್ತಿದ್ದೇವೆ, ಅದೂ ನಾಲ್ಕು ನಿಮಿಷದಲ್ಲಿ.

ನಮ್ಮ ತಾಲ್ಲೂಕಿನ ಹೊಸೂರಿನವರು ಎಚ್. ನರಸಿಂಹಯ್ಯ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡ ಮತ್ತು ಮೂಢನಂಬಿಕೆಗಳನ್ನು ಪರೀಕ್ಷಿಸೋಕೆ ಅಂತಲೇ ಸಮಿತಿ ಮಾಡಿದರು. ಸುಮ್ನೆ ಬೈದುಕೊಂಡು ಕೂರಲಿಲ್ಲ, ಬನ್ನಿ, ತೋರಿಸಿ, ನೋಡೋಣ ಅಂದರು. ತೋರಿಸುವ ಹೊಣೆ ಹೇಳುವವರದು. ಇಲ್ಲೂ ಅಷ್ಟೇ. ಮಾಟ ಮಾಡಿದ್ದಾರೆ ಅನ್ನುವವರು ತೋರಿಸಲಿ. ಮಾಡಿಲ್ಲ ಅಂತ ಅಜ್ಜಿ ಯಾಕೆ ತೋರಿಸಬೇಕು, ಹೇಗೆ ತೋರಿಸುತ್ತಾರೆ?

ಕ್ಯಾತಸಂದ್ರ_ಟೀ
ತಮಾಷೆಗೆ ಹೇಳಿದೆ ಬಿಡಿ. ಆದರೆ ಜಾಗದ ವಿಷಯ ಮರೆಯುವಂಥದ್ದೂ ಅಲ್ಲ.

ಗೌರಿಬಿದನೂರು_ಲೋಕಲ್
ಮರೆಯಬೇಡಿ. ಪಹಣಿ, ಖಾತೆ ಯಾರ ಹೆಸರಲ್ಲಿದೆ ನೋಡಿ ಅಂತ ಹೇಳಿ. ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತಬಾರದು ಅಂತ ಅಜ್ಜಿಗೆ ಹೇಳಿ. ಅಷ್ಟು ಸಾಕು, ಯಾರ ಹೆಸರೂ ಎತ್ತಬೇಕಾಗಿಲ್ಲ.

ಮಧುಗಿರಿ_ವಕೀಲ
ಕಾನೂನಿನ ಮಾತು ಸ್ವಲ್ಪ. ನಮ್ಮ ರಾಜ್ಯದಲ್ಲಿ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ತಡೆಯುವ 2017ರ ಕಾಯ್ದೆ ಇದೆ. ಜಾರಿಗೆ ಬಂದದ್ದು 2020ರ ಜನವರಿಯಲ್ಲಿ. ಒಂದರಿಂದ ಏಳು ವರ್ಷ ಜೈಲು, 5,000ದಿಂದ 50,000 ರೂಪಾಯಿವರೆಗೆ ದಂಡ. ಇದು ಭಜನೆ, ಪೂಜೆ, ಯಾತ್ರೆ, ಹರಿಕಥೆಗೆ ವಿರುದ್ಧ ಅಂತ ಊರಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ, ಅವನ್ನೆಲ್ಲ ಕಾಯ್ದೆಯೇ ಹೊರಗಿಟ್ಟಿದೆ.

ಆದರೆ ನೀವು ಹೇಳಿದ್ದರಲ್ಲಿ ಇನ್ನೂ ಹೊಡೆದಿಲ್ಲ, ಬಹಿಷ್ಕಾರ ಅಂತ ಬಾಯಿಬಿಟ್ಟು ಹೇಳಿಲ್ಲ. ಸದ್ಯಕ್ಕೆ ನೇರವಾಗಿ ಹಿಡಿಯುವುದು ಮಾನನಷ್ಟ, ಅಂದರೆ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ. ಬೆದರಿಸಿದ್ದರೆ 351. ವಾಯ್ಸ್ ಮೆಸೇಜ್ ಡಿಲೀಟ್ ಆಗುವ ಮುಂಚೆ ಉಳಿಸಿಕೊಳ್ಳಿ, ಯಾವತ್ತು ಯಾರು ಹಾಕಿದರು ಅಂತ ಕಾಣುವ ಹಾಗೆ. ಅಜ್ಜಿಗೆ ಲಾಯರ್ ಫೀಜಿನ ಚಿಂತೆ ಬೇಡ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ನೆರವು ಉಚಿತ. ತಾಲ್ಲೂಕು ಕಾನೂನು ಸೇವಾ ಸಮಿತಿ ಕೋರ್ಟಿನ ಆವರಣದಲ್ಲೇ ಇರುತ್ತದೆ. 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ. ಕೈ ಮಾಡುವ ಹಂತಕ್ಕೆ ಬಂದರೆ ಯೋಚನೆ ಮಾಡಬೇಡಿ, 112.

ಭಕ್ತಿಮಾರ್ಗ
ವಕೀಲರೇ, ಕೇಸ್ ಹಾಕಿದ ಮೇಲೆ ಆ ಅಜ್ಜಿ ಅದೇ ಊರಲ್ಲಿ ಬದುಕಬೇಕಲ್ಲ?

ಮಧುಗಿರಿ_ವಕೀಲ
ನಿಜ. ಅದಕ್ಕೇ ಕೇಸ್ ಹಾಕಿ ಅಂದಿಲ್ಲ, ಉಳಿಸಿಕೊಳ್ಳಿ ಅಂದೆ. ಹಾಕಬೇಕಾ ಬೇಡವಾ ಅನ್ನುವುದು ಅಜ್ಜಿಯ ಇಷ್ಟ. ಯಾರಾದರೂ ಅವರನ್ನು ಕೇಳಿದ್ದೀರಾ?

ಹುಳುಮನೆ_ಹೈದ
ಇಲ್ಲ. ಇವತ್ತು ಸಂಜೆ ಹೋಗುತ್ತೇನೆ.

ಚಾಂಪಿಯನ್‌ರೀಫ್_ಹುಡುಗ
ಕೆಜಿಎಫ್ ಕಡೆ ನಮ್ಮದು ಸಣ್ಣ ಪ್ರಾರ್ಥನಾ ಕೂಟ. ಅಲ್ಲೂ ಒಮ್ಮೆ ಹೀಗೆ ಆಯಿತು. ಹಾಡುವಾಗ ಒಬ್ಬ ಹುಡುಗಿ ತಲೆ ತಿರುಗಿ ಬಿದ್ದಳು. ಮುಂದಿನ ವಾರ ಇನ್ನೊಬ್ಬಳು. ಹೊಸದಾಗಿ ಬರುತ್ತಿದ್ದ ಒಬ್ಬ ಆಂಟಿ ಕೂತ ಸಾಲಿನಲ್ಲೇ ಹೀಗಾಗುತ್ತದೆ, ಅವರಲ್ಲಿ ದುಷ್ಟಾತ್ಮ ಇದೆ ಅಂತ ಪಿಸುಪಿಸು. ಪಾಸ್ಟರ್ ಯಾರಿಗೂ ಬುದ್ಧಿ ಹೇಳಲಿಲ್ಲ. ಮುಂದಿನ ಭಾನುವಾರ ಆ ಆಂಟಿಯನ್ನೇ ಮುಂದೆ ಕರೆದು ಬೈಬಲ್ ಓದಿಸಿದರು, ಆಮೇಲೆ ಟೀ ಹಂಚುವ ಕೆಲಸ ಕೊಟ್ಟರು. ಮೊದಲ ಲೋಟ ಪಾಸ್ಟರ್ ಹೆಂಡತಿ ತಗೊಂಡರು. ಅಷ್ಟೇ. ಬಿದ್ದ ಹುಡುಗಿಯರು ಬೆಳಗ್ಗೆ ತಿಂಡಿ ತಿನ್ನದೆ ಬರುತ್ತಿದ್ದರು ಅಂತ ಆಮೇಲೆ ಗೊತ್ತಾಯಿತು. ನಿಮ್ಮ ಅಧ್ಯಕ್ಷರು ಅಜ್ಜಿ ಕೈಯಿಂದ ಮೊದಲ ಪ್ರಸಾದ ತಗೊಂಡರೆ ಆಣೆ ಯಾಕೆ ಬೇಕು?

ಭಕ್ತಿಮಾರ್ಗ
ಇದನ್ನು ಒಪ್ಪುತ್ತೇನೆ. ಇದು ಆಣೆಗಿಂತ ಮೇಲು. ದೊಡ್ಡವರು ತಿಂದರೆ ಮಿಕ್ಕವರು ತಿನ್ನುತ್ತಾರೆ.

ಮುಳಬಾಗಿಲು_ದೋಸೆ
ಇತಿಹಾಸದಲ್ಲಿ ಮೊದಲ ಸಲ ಭಕ್ತಿಮಾರ್ಗ ಸರ್ ಒಪ್ಪಿದ್ದಾರೆ. ಇವತ್ತು ಟೊಮೆಟೊ ಬಾಕ್ಸ್ ರೇಟು ಏರುತ್ತದೆ ನೋಡಿ.

ಕೋಲಾರಮ್ಮನ_ಮಗ
ಏರಲಿ ಸ್ವಾಮಿ, ಹೋದ ಸಲ ಕಿತ್ತ ಕೂಲಿಯೂ ಹುಟ್ಟಲಿಲ್ಲ, ರಸ್ತೆಗೆ ಸುರಿದು ಬಂದೆವು. ನಮಗೂ ಯಾರೋ ಮಾಟ ಮಾಡಿಸಿರಬೇಕು.

ನಿರ್ವಾಹಕ
ಟೊಮೆಟೊ ರೇಟಿಗೆ ಬೇರೆ ಚರ್ಚೆ ಇದೆ, ಅಲ್ಲಿಗೆ ಹೋಗಿ. ಊರಿನ ಹೆಸರು ಊಹೆ ಮಾಡಿದ್ದ ಎರಡು ಉತ್ತರಗಳನ್ನು ತೆಗೆದಿದ್ದೇನೆ.

ಹುಳುಮನೆ_ಹೈದ
ಆದದ್ದು ಹೇಳುತ್ತೇನೆ.

ಇಲಾಖೆಯವರು ಬಂದು ನೋಡಿದರು. ಸೊಪ್ಪಿಗೆ ಔಷಧಿ ಬಿದ್ದಿರುವಂತೆ ಕಾಣುತ್ತದೆ ಅಂದರು. ಟೊಮೆಟೊದವರು ಹಿಂದಿನ ದಿನ ಹೊಡೆದದ್ದನ್ನು ಒಪ್ಪಿಕೊಂಡರು. ಒಬ್ಬ ರೈತರು "ಅಷ್ಟೇನಾ" ಅಂದು ಸುಮ್ಮನಾದರು. ಇನ್ನೊಬ್ಬರು ಭಕ್ತಿಮಾರ್ಗ ಅವರ ಪ್ರಶ್ನೆಯನ್ನೇ ಕೇಳಿದರು, ಅವತ್ತೇ ಯಾಕೆ ಗಾಳಿ ತಿರುಗಿತು ಅಂತ.

ಅಜ್ಜಿ ಹತ್ತಿರ ಹೋಗಿ ಕೇಳಿದೆ. ಆಣೆ ಮಾಡೋಕೆ ಅವರು ತಯಾರಾಗಿಯೇ ಇದ್ದರು! "ಮಾಡ್ತೀನಿ ಬಿಡಪ್ಪಾ, ನಂಗೇನು ಭಯ" ಅಂದರು. ಗುಬ್ಬಿಯ ಅಕ್ಕ ಬರೆದ ಓರಗಿತ್ತಿಯ ವಿಷಯ ಓದಿ ಹೇಳಿದೆ. ಸುಮಾರು ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ "ಹಂಗಾರೆ ಬೇಡ" ಅಂದರು.

ಸಭೆಯಲ್ಲಿ ನಾನು, ಇನ್ನು ಮೂರು ಹುಡುಗರು ಎದ್ದು ಆಣೆ ಬೇಡ ಅಂದೆವು. ಗಲಾಟೆಯಾಯಿತು. ಅಪವಾದ ಹೊರಿಸಿದವರು ಮೊದಲು ಆಣೆ ಮಾಡಲಿ ಅಂತ ಹಿಂದಿನಿಂದ ಯಾರೋ ಕೂಗಿದರು, ಆಗ ಎಲ್ಲರೂ ತಣ್ಣಗಾದರು. ವಾಯ್ಸ್ ಮೆಸೇಜ್ ಹಾಕಿದವರು ಅದನ್ನು ಅಳಿಸಿದ್ದಾರೆ (ನನ್ನ ಹತ್ತಿರ ಇದೆ). ಅಧ್ಯಕ್ಷರು ಹೌದು ಅಂತಲೂ ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. ಆಣೆ ಸದ್ಯಕ್ಕೆ ಮುಂದಕ್ಕೆ ಹೋಗಿದೆ. ಪ್ರಸಾದ ಮಾತ್ರ ಇನ್ನು ಮಾಡುವುದಿಲ್ಲ ಅಂತ ಅಜ್ಜಿಯೇ ಹೇಳಿಬಿಟ್ಟರು. ಎಷ್ಟು ಕೇಳಿಕೊಂಡರೂ ಒಪ್ಪಲಿಲ್ಲ. ನಮ್ಮಮ್ಮ ಈಗ ಅವರ ಮನೆಗೆ ಹೋಗಿ ಬರುತ್ತಿದ್ದಾರೆ.

ಗುಬ್ಬಿ_ಗುಬ್ಬಚ್ಚಿ
ಒಪ್ಪದೇ ಇರುವುದು ಅವರ ಹಕ್ಕು. ಬಲವಂತ ಮಾಡಬೇಡಿ. ಮೂವತ್ತು ಮನೆಯವರು ತಿರುಗಿಸಿದ ಪಾತ್ರೆಯನ್ನು ಮತ್ತೆ ಯಾಕೆ ತುಂಬಬೇಕು?

ತೆಂಗಿನತೋಟ_ಮೇಷ್ಟ್ರು
ಸೇಲಂನಲ್ಲಿ ಅಪವಾದ ಹೊರಿಸಿದ್ದ ಹುಡುಗಿಯರಲ್ಲಿ ಆನ್ ಪಟ್ನಮ್ ಅನ್ನುವವಳು 1706ರಲ್ಲಿ ಅದೇ ಚರ್ಚಿನಲ್ಲಿ ಎಲ್ಲರ ಮುಂದೆ ಎದ್ದು ನಿಂತಳು, ಅವಳ ಕ್ಷಮಾಪಣೆಯನ್ನು ಹೊಸ ಪಾದ್ರಿ ಓದಿದ. ಹದಿನಾಲ್ಕು ವರ್ಷ ಹಿಡಿಯಿತು. ನಿಮ್ಮ ಗ್ರೂಪಿನಲ್ಲಿ ಅಳಿಸಿದವರು ಗ್ರೂಪಿನಲ್ಲೇ ಒಂದು ಸಾಲು ಹಾಕಲಿ ಅಂತ ಕೇಳಿ. ಅಳಿಸಿದ್ದು ಲೆಕ್ಕಕ್ಕಿಲ್ಲ, ಕೇಳಿದವರೆಲ್ಲ ಕೇಳಿ ಆಗಿದೆ.

ಹುಳುಮನೆ_ಹೈದ
ಕೇಳಿದ್ದೇನೆ ಮೇಷ್ಟ್ರೇ. ಬ್ಲೂ ಟಿಕ್ ಬಂದಿದೆ, ಉತ್ತರ ಇಲ್ಲ. ಶಿಡ್ಲಘಟ್ಟ ಅಣ್ಣಾ, ಔಷಧಿ ಬಿದ್ದ ಆ ಸೊಪ್ಪನ್ನು ಎಷ್ಟು ದಿನ ಬಿಟ್ಟು ಹುಳುವಿಗೆ ಹಾಕಬಹುದು? ಹೊಸ ಚಾಕಿ (ಮರಿಹುಳು) ತರಬೇಕು ಅಂತಿದ್ದಾರೆ.

ಶಿಡ್ಲಘಟ್ಟ_ಗೂಡು
ಅದು ಯಾವ ಔಷಧಿ ಅನ್ನುವುದರ ಮೇಲೆ ಹೋಗುತ್ತದೆ. ಟೊಮೆಟೊದವರ ಹತ್ತಿರ ಖಾಲಿ ಡಬ್ಬಿ ಇದ್ದರೆ ಫೋಟೋ ಹಾಕಿ. ಅಲ್ಲಿವರೆಗೆ ಚಾಕಿ ತರಬೇಡಿ. ತಂದ ಮೇಲೂ ಮೊದಲು ನಾಲ್ಕು ಹುಳುವಿಗೆ ಆ ಸೊಪ್ಪು ಹಾಕಿ ನೋಡಿ, ಆಮೇಲೆ ಮಿಕ್ಕವಕ್ಕೆ.